ಊರಿನ ಊಟ, ಪರವೂರಿನ ಹೊಟ್ಟೆ

ನಮ್ಮ ವಾಚನಾಲಯಕ್ಕೆ ಸಂಜೆ ಹೊತ್ತು ಬರುವವರಲ್ಲಿ ಮೂರು ಪಂಗಡಗಳಿವೆ. ಜಾತಿಯ ಮಾತಲ್ಲ, ಧಾನ್ಯದ ಮಾತು. ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯ ಜೋಳದವರು. ಮಂಡ್ಯ, ಹಾಸನ, ತುಮಕೂರಿನ ರಾಗಿಯವರು. ಉಡುಪಿ, ಕುಂದಾಪುರ, ಕಾರವಾರದ ಅಕ್ಕಿಯವರು. ಪತ್ರಿಕೆ ಓದಿ ಮುಗಿದ ಮೇಲೆ ಮಾತು ಊಟದ ಕಡೆಗೆ ತಿರುಗದೆ ಇರುವುದಿಲ್ಲ. ಯಾರಿಗಾದರೂ ಹೊಟ್ಟೆ ಮುಂದಕ್ಕೆ ಬಂದಿದೆ ಎಂದರೆ ಜೋಳದವರು ಅದು ಅನ್ನದ ಪ್ರಭಾವವೆನ್ನುತ್ತಾರೆ. ಅಕ್ಕಿಯವರು ಎಣ್ಣೆಯ ದೋಷವೆನ್ನುತ್ತಾರೆ. ರಾಗಿಯವರು ಇಬ್ಬರನ್ನೂ ನೋಡಿ ನಗುತ್ತಾರೆ. ಆದರೆ ಗಮನಿಸಿ ನೋಡಿದರೆ ಮೂರು ಪಂಗಡದವರ ಅಂಗಿಯ ಗುಂಡಿಗಳೂ ಹೊಟ್ಟೆಯ ಬಳಿ ಒಂದೇ ರೀತಿ ಬಿಗಿಯುತ್ತಿವೆ. ಹಾಗಾದರೆ ತಪ್ಪು ಯಾವ ಧಾನ್ಯದ್ದು? ಈ ಪ್ರಶ್ನೆಯನ್ನು ಹಿಡಿದು ನಾವು ಕೆಲವು ತಿಂಗಳಿಂದ ಓದಿದ್ದನ್ನೂ, ಗಿರಣಿಯ ಲೆಕ್ಕದ ಮೇಜಿನ ಮೇಲೆ ಕೂಡಿ ಕಳೆದು ನೋಡಿದ್ದನ್ನೂ ವಾಚಕ ಬಂಧುಗಳ ಮುಂದಿಡುತ್ತಿದ್ದೇವೆ. ನಾವು ವೈದ್ಯರಲ್ಲ. ಕಾಯಿಲೆಯಿದ್ದವರು ವೈದ್ಯರ ಮಾತನ್ನೇ ಕೇಳತಕ್ಕದ್ದು.

ಮೊದಲು ಅಳತೆಯ ವಿಷಯ. ತೂಕದ ಯಂತ್ರದ ಮೇಲೆ ನಿಂತು ಅರವತ್ತೈದು ಕಿಲೋ ಎಂದು ಸಮಾಧಾನಪಟ್ಟುಕೊಳ್ಳುವವರು ನಮ್ಮಲ್ಲಿ ಬಹಳ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮಡಕೆಯಂತಿದ್ದರೆ ತೂಕದ ಯಂತ್ರ ಅದನ್ನು ಹೇಳುವುದಿಲ್ಲ. ಹೇಳುವುದು ಅಳತೆಪಟ್ಟಿ. ನೆಟ್ಟಗೆ ನಿಂತು, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಸಹಜವಾಗಿ ಉಸಿರು ಬಿಟ್ಟ ಮೇಲೆ, ಪಟ್ಟಿಯನ್ನು ಸುತ್ತಬೇಕು. ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಗಡಿ. ಅಂದರೆ ಸುಮಾರು ಮೂವತ್ತೈದೂವರೆ ಮತ್ತು ಮೂವತ್ತೊಂದೂವರೆ ಅಂಗುಲ. ಬಸುರಿಯರಿಗೆ ಈ ಅಳತೆ ಅನ್ವಯಿಸುವುದಿಲ್ಲ. ಪ್ಯಾಂಟಿನ ನಂಬರನ್ನು ನಂಬಬೇಡಿ. ಹೊಟ್ಟೆ ಬೆಳೆದಂತೆ ನಾವು ಪ್ಯಾಂಟನ್ನು ಹೊಟ್ಟೆಯ ಕೆಳಕ್ಕೆ ಇಳಿಸಿ ಕಟ್ಟುತ್ತೇವೆ. ಹತ್ತು ವರ್ಷದಿಂದ ಅದೇ ಮೂವತ್ನಾಲ್ಕು ಎಂದು ಹೇಳಿಕೊಳ್ಳುತ್ತೇವೆ. ಅಳತೆಪಟ್ಟಿ ಇಲ್ಲದವರು ತಮ್ಮ ಎತ್ತರದಷ್ಟು ದಾರ ತೆಗೆದುಕೊಂಡು ಅದನ್ನು ಎರಡಾಗಿ ಮಡಚಿ ಸೊಂಟಕ್ಕೆ ಸುತ್ತಿ ನೋಡಲಿ. ಎರಡು ತುದಿ ಕೂಡದಿದ್ದರೆ ಎಚ್ಚರವಾಗಬೇಕು. ನಮ್ಮ ಹಿರಿಯರು ಬೇರೆ ಕಾರಣಕ್ಕೆ ಕಟ್ಟುತ್ತಿದ್ದ ಉಡುದಾರ ಈ ಕೆಲಸವನ್ನೂ ಮಾಡುತ್ತಿತ್ತು. ಅದು ಚರ್ಮಕ್ಕೆ ಕಚ್ಚತೊಡಗಿದ ದಿನ ಮನುಷ್ಯನಿಗೆ ತಿಳಿಯುತ್ತಿತ್ತು. ಈಗ ರಬ್ಬರ್ ಪಟ್ಟಿಯ ಪೈಜಾಮ ಎಷ್ಟು ಬೇಕಾದರೂ ಹಿಗ್ಗುತ್ತದೆ, ಏನೂ ಹೇಳುವುದಿಲ್ಲ.

ಹೊಟ್ಟೆಯ ಬೊಜ್ಜಿಗೆ ಮಾತ್ರ ಇಷ್ಟು ಮಹತ್ವವೇಕೆ ಎಂದರೆ, ಎಲ್ಲ ಕೊಬ್ಬೂ ಒಂದೇ ಅಲ್ಲ. ತೊಡೆ ತೋಳುಗಳ ಚರ್ಮದ ಕೆಳಗಿನ ಕೊಬ್ಬು ಉಗ್ರಾಣದಲ್ಲಿ ಮೂಟೆ ಕಟ್ಟಿ ಇಟ್ಟ ಮಾಲಿನ ಹಾಗೆ ಬಹುಮಟ್ಟಿಗೆ ತನ್ನ ಪಾಡಿಗೆ ಇರುತ್ತದೆ. ಹೊಟ್ಟೆಯೊಳಗೆ, ಕರುಳುಗಳ ಸುತ್ತ ಸೇರಿಕೊಂಡ ಕೊಬ್ಬು ಹಾಗಲ್ಲ. ಅದರಿಂದ ಕರಗಿ ಬಂದ ಅಂಶ ನೇರವಾಗಿ ಯಕೃತ್ತಿಗೆ, ಅಂದರೆ ಲಿವರಿಗೆ ಹೋಗುತ್ತದೆ. ಲಿವರಿನಲ್ಲಿಯೂ ಕೊಬ್ಬು ತುಂಬುತ್ತದೆ. ಇನ್ಸುಲಿನ್ ಎಷ್ಟಿದ್ದರೂ ಅದರ ಮಾತು ನಡೆಯದಂತಾಗುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ಬೇನೆ ಈ ದಾರಿಯಲ್ಲಿ ಒಂದರ ಹಿಂದೆ ಒಂದು ಬರುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 39.5 ಮಂದಿಗೆ ಹೊಟ್ಟೆಯ ಬೊಜ್ಜಿದೆ, ನೂರಕ್ಕೆ 11.4 ಮಂದಿಗೆ ಸಕ್ಕರೆ ಕಾಯಿಲೆಯಿದೆ. ಒಬ್ಬನ ಸಂಬಳವನ್ನೇ ಊರಿನಲ್ಲಿ ಐದಾರು ಮಂದಿ ಎದುರುನೋಡುವ ನಮ್ಮಂಥ ಮನೆಗಳಲ್ಲಿ, ನಲವತ್ತೈದಕ್ಕೆ ಆ ಒಬ್ಬ ಮಲಗಿದರೆ ಏನಾಗುವುದೆಂದು ಬರೆಯಬೇಕಾಗಿಲ್ಲ.

ಇಲ್ಲಿ ಪುಣೆಯ ಸಂಗತಿಯೊಂದನ್ನು ಹೇಳಬೇಕು. ಅಲ್ಲಿನ ಕೆಇಎಂ ಆಸ್ಪತ್ರೆಯ ಡಾಕ್ಟರ್ ಚಿತ್ತರಂಜನ ಯಾಜ್ಞಿಕರೂ ಇಂಗ್ಲೆಂಡಿನ ಡಾಕ್ಟರ್ ಯುಡ್ಕಿನ್ ಅವರೂ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಅಚ್ಚು ಹಾಕಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚಿ ಇಬ್ಬರದೂ ಒಂದೇ, 22.3. ಆದರೆ ದೇಹದಲ್ಲಿನ ಕೊಬ್ಬಿನ ಪಾಲು ಇಂಗ್ಲೆಂಡಿನವರಲ್ಲಿ ನೂರಕ್ಕೆ 9.1, ನಮ್ಮವರಲ್ಲಿ 21.2. ಹೊರಗೆ ತೆಳ್ಳಗೆ, ಒಳಗೆ ಕೊಬ್ಬು. 1993ರಲ್ಲಿ ಪುಣೆಯ ಸುತ್ತಿನ ಆರು ಹಳ್ಳಿಗಳಲ್ಲಿ ಆರಂಭವಾದ ಅಧ್ಯಯನದಲ್ಲಿ ಇದರ ಬೇರು ಸಿಕ್ಕಿತು. ಅಲ್ಲಿನ ಕೂಸುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಕೂಸುಗಳದು 3.5 ಕಿಲೋ. ನಮ್ಮ ಕೂಸುಗಳಲ್ಲಿ ಸ್ನಾಯು ಬಹಳ ಕಡಿಮೆ, ಆದರೆ ಕೊಬ್ಬು ಆ ಪ್ರಮಾಣದಲ್ಲಿ ಕಡಿಮೆಯಾಗಿರಲಿಲ್ಲ. ತಾಯಿಯ ಹೊಟ್ಟೆ ಅರೆಹೊಟ್ಟೆಯಾಗಿದ್ದ ಕಾಲದ ಲೆಕ್ಕ ಮಗುವಿನ ಮೈಯಲ್ಲಿ ಬರೆದಿರುತ್ತದೆ ಎಂದಾಯಿತು. ಬರದ ಸೀಮೆಯಲ್ಲಿ ಹುಟ್ಟಿ ಪಟ್ಟಣಕ್ಕೆ ಬಂದು ಎರಡು ಹೊತ್ತು ತುಂಬ ಉಣ್ಣತೊಡಗಿದವರಿಗೆ ಅಪಾಯ ಹೆಚ್ಚು, ಕಡಿಮೆಯಲ್ಲ. ಆದ್ದರಿಂದಲೇ ಯುರೋಪಿನ ಗಂಡಸರಿಗೆ 94 ಸೆಂಟಿಮೀಟರ್ ಎಂದು ಗೊತ್ತು ಮಾಡಿದ ಗಡಿ ನಮಗೆ 90ಕ್ಕೇ ನಿಂತಿದೆ.

ಈಗ ಧಾನ್ಯದ ವ್ಯಾಜ್ಯಕ್ಕೆ ಬರೋಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮೊದಲ ಬಾರಿಗೆ ಜನರ ಸೊಂಟವನ್ನೂ ಅಳೆದರು. ಹೆಂಗಸರ ಲೆಕ್ಕವನ್ನು ತೆಗೆದುಕೊಂಡರೆ, ಹೊಟ್ಟೆಯ ಬೊಜ್ಜು ಎಲ್ಲಕ್ಕಿಂತ ಹೆಚ್ಚು ಕಂಡುಬಂದದ್ದು ಕೇರಳದಲ್ಲಿ, ನೂರಕ್ಕೆ ಸುಮಾರು 65. ಪಂಜಾಬ್ ಅದರ ಹಿಂದೆಯೇ ಇದೆ, 60ರ ಮೇಲೆ. ಕೇರಳದ ಊಟವೆಂದರೆ ಅಕ್ಕಿ, ತೆಂಗು, ಮೀನು. ಪಂಜಾಬಿನದು ಗೋದಿ, ಹಾಲು, ತುಪ್ಪ. ಇದಕ್ಕೂ ಅದಕ್ಕೂ ಉಪ್ಪೊಂದೇ ಸಾಮಾನ್ಯ ಎನ್ನಬೇಕು! ಎಲ್ಲಕ್ಕಿಂತ ಕಡಿಮೆ ಕಂಡದ್ದು ಝಾರ್ಖಂಡದಲ್ಲಿ, ನೂರಕ್ಕೆ ಸುಮಾರು 24. ಅವರೂ ಅನ್ನ ಉಣ್ಣುವವರೇ. ಅನ್ನವೇ ಅಪರಾಧಿಯಾಗಿದ್ದರೆ ಪಂಜಾಬಿಗೆ ಹೊಟ್ಟೆ ಬರಬಾರದಿತ್ತು, ಝಾರ್ಖಂಡಕ್ಕೆ ಬರಬೇಕಿತ್ತು. ಝಾರ್ಖಂಡದ ಸೊಂಟ ಸಣ್ಣಗಿರುವುದಕ್ಕೆ ಬಡತನವೂ ಮೈಮುರಿವ ದುಡಿಮೆಯೂ ಕಾರಣವಿರಬಹುದು; ಅದನ್ನು ಆರೋಗ್ಯವೆಂದು ಹೊಗಳುವುದು ನಮಗೆ ಸಮ್ಮತವಲ್ಲ. ಆದರೆ ತಟ್ಟೆಯಲ್ಲಿರುವ ಧಾನ್ಯದ ಹೆಸರು ನೋಡಿ ಹೊಟ್ಟೆಯ ಗಾತ್ರ ಹೇಳಲು ಬರುವುದಿಲ್ಲ ಎಂಬಷ್ಟು ಇದರಿಂದ ಸ್ಪಷ್ಟ.

ಹಾಗಾದರೆ ನಮ್ಮ ಮೂರು ಸೀಮೆಗಳ ಊಟ ಹೇಗಿತ್ತು? ಉತ್ತರದಲ್ಲಿ ಜೋಳದ ರೊಟ್ಟಿ; ಜತೆಗೆ ಕಾಳುಪಲ್ಯ, ಪುಂಡಿಪಲ್ಯ, ಶೇಂಗಾ ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ, ಹಾಗೆಯೇ ಕಿತ್ತು ತಿನ್ನುವ ಮೆಂತ್ಯದ ಸೊಪ್ಪು. ಮೈಸೂರು ಸೀಮೆಯಲ್ಲಿ ರಾಗಿ ಮುದ್ದೆ. ಜತೆಗೆ ಬಸ್ಸಾರು, ಉಪ್ಪೆಸರು, ಹುರುಳಿ, ಅವರೆ, ಹೊಲದ ಬದುವಿನ ಸೊಪ್ಪು, ಮಜ್ಜಿಗೆ. ಕರಾವಳಿಯಲ್ಲಿ ಕುಚ್ಚಲಕ್ಕಿ ಗಂಜಿ ಅಥವಾ ಅನ್ನ. ಜತೆಗೆ ಮೀನು, ಹುರುಳಿ ಸಾರು, ತಂಬುಳಿ, ಬಸಳೆ. ಧಾನ್ಯ ಮೂರು ಬಗೆ. ಆದರೆ ಮೂರರ ಪಕ್ಕದಲ್ಲಿಯೂ ಕಾಳು ಅಥವಾ ಮೀನು, ಸೊಪ್ಪು, ಹುಳಿಮಜ್ಜಿಗೆ ಕಾಯಂ ಇದ್ದವು. ಎಣ್ಣೆಯಲ್ಲಿ ಕರಿದದ್ದು, ಬೆಲ್ಲ ಹಾಕಿದ್ದು ಹಬ್ಬಕ್ಕೆ, ಜಾತ್ರೆಗೆ, ಮದುವೆಗೆ. ಉಳ್ಳವರ ಮನೆಯ ಮಾತು ಬೇರೆ; ನಾವು ಹೇಳುತ್ತಿರುವುದು ನಮ್ಮಂಥವರ ಮನೆಯದು. ವರ್ಷದ ಕೆಲವು ತಿಂಗಳು ಈ ಊಟವೂ ಸಾಲುತ್ತಿರಲಿಲ್ಲ.

ಈ ಊಟಗಳ ಇನ್ನೊಂದು ಪಕ್ಕದಲ್ಲಿ ಕೆಲಸವಿತ್ತು. ಅದನ್ನೇ ನಾವು ಮರೆಯುವುದು. ಐದು ರೊಟ್ಟಿ ತಿಂದವನು ಎರಡೆಕರೆ ಕುಂಟೆ ಹೊಡೆದು ಬರುತ್ತಿದ್ದ. ಮುದ್ದೆ ಉಂಡವಳು ನಾಟಿ ಹಾಕಿ, ನೀರು ಹೊತ್ತು, ರಾಗಿ ಬೀಸುತ್ತಿದ್ದಳು. ಗಂಜಿ ಕುಡಿದವನು ದೋಣಿಗೆ ಹುಟ್ಟು ಹಾಕುತ್ತಿದ್ದ. ಈಗ ಲೆಕ್ಕ ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2020ರಲ್ಲಿ ಗೊತ್ತು ಮಾಡಿದಂತೆ, 65 ಕಿಲೋ ತೂಕದ ಗಂಡಸು ಭಾರದ ಕೆಲಸ ಮಾಡುವವನಾದರೆ ದಿನಕ್ಕೆ 3,470 ಕ್ಯಾಲರಿ ಬೇಕು. ಮಧ್ಯಮ ಕೆಲಸಕ್ಕೆ 2,710. ಕುಳಿತು ಕೆಲಸ ಮಾಡುವವನಿಗೆ 2,110. ಅರವತ್ತು ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಗೆ ಸುಮಾರು 200 ಕ್ಯಾಲರಿ. ಹೊಲದ ಕೆಲಸ ಬಿಟ್ಟು ಕುರ್ಚಿಯ ಕೆಲಸಕ್ಕೆ ಬಂದವನಿಗೆ ದಿನಕ್ಕೆ 1,360 ಕ್ಯಾಲರಿ, ಅಂದರೆ ಸುಮಾರು ಏಳು ರೊಟ್ಟಿ ಹೆಚ್ಚಾಗುತ್ತದೆ. ಮಗ್ಗದ ಮುಂದೆ ನಿಂತು ಕೆಲಸ ಮಾಡುತ್ತಿದ್ದವನು ಕಾವಲಿನ ಸ್ಟೂಲಿನ ಮೇಲೆ ಕೂತರೂ ಮೂರು ರೊಟ್ಟಿ ಹೆಚ್ಚೇ. ನಮ್ಮಲ್ಲಿ ಯಾರು ಊರು ಬಿಟ್ಟು ಬಂದ ದಿನ ಏಳು ರೊಟ್ಟಿ ಕಡಿಮೆ ಮಾಡಿದ್ದೇವೆ?

ಕೆಲಸ ಇಳಿದರೆ ಹಸಿವು ತಾನಾಗಿ ಇಳಿಯುವುದಿಲ್ಲವೇ ಎಂದು ಕೇಳಬಹುದು. ಇಳಿಯುವುದಿಲ್ಲ. ಇದನ್ನು ತೋರಿಸಿಕೊಟ್ಟದ್ದು ನಮ್ಮ ದೇಶದ ಒಂದು ಗಿರಣಿಯೇ ಎಂಬುದು ನಮಗೆ ಬಹಳ ಹಿಡಿಸಿತು. ಪಶ್ಚಿಮ ಬಂಗಾಳದ ಚೆಂಗೈಲಿನ ಲಡ್ಲೋ ಸೆಣಬಿನ ಗಿರಣಿಯಲ್ಲಿ ಜಾನ್ ಮೇಯರ್ ಎಂಬ ಆಹಾರ ವಿಜ್ಞಾನಿಯೂ ಅವರ ಬಂಗಾಳಿ ಸಹೋದ್ಯೋಗಿಗಳೂ ಇನ್ನೂರಕ್ಕೂ ಹೆಚ್ಚು ಮಂದಿಯ ಊಟವನ್ನೂ ತೂಕವನ್ನೂ ಕೆಲಸವನ್ನೂ ತಾಳೆ ಹಾಕಿ 1956ರಲ್ಲಿ ಪ್ರಕಟಿಸಿದರು. ಮೂಟೆ ಹೊರುವವರು, ಕಲ್ಲಿದ್ದಲು ಹಾಕುವವರು, ನೇಯುವವರು, ಮೇಸ್ತ್ರಿಗಳು, ಅಂಗಡಿಯಲ್ಲಿ ದಿನವಿಡೀ ಕುಳಿತಿರುವವರು, ನಮ್ಮಂಥ ಗುಮಾಸ್ತರು, ಎಲ್ಲರೂ ಅದರಲ್ಲಿದ್ದರು. ಗುಮಾಸ್ತರಲ್ಲಿಯೂ ಗಿರಣಿಯ ಆವರಣದಲ್ಲೇ ವಾಸಿಸುವವರನ್ನೂ ದೂರದಿಂದ ನಡೆದು ಬರುವವರನ್ನೂ ಬೇರೆ ಬೇರೆ ಎಣಿಸಿದರು. ಭಾರದ ಕೆಲಸದವರು ಕೆಲಸ ಹೆಚ್ಚಿದಂತೆ ಹೆಚ್ಚು ಉಂಡರು, ತೂಕ ಮಾತ್ರ ಏರಲಿಲ್ಲ. ಅದು ನಿರೀಕ್ಷಿಸಿದ್ದೇ. ಆದರೆ ತೀರ ಕುಳಿತೇ ಇರುವವರ ಕಡೆ ಬಂದಾಗ ಊಟ ಕಡಿಮೆಯಾಗಬೇಕಿತ್ತು, ಆಗಲಿಲ್ಲ, ಹೆಚ್ಚಾಗಿತ್ತು. ತೂಕವೂ ಅವರದೇ ಹೆಚ್ಚು. ಒಂದು ಮಟ್ಟದ ಚಲನೆ ಇರುವ ತನಕ ಹಸಿವು ನಂಬಿಕಸ್ಥ ಗುಮಾಸ್ತನಂತೆ ಸರಿಯಾದ ಲೆಕ್ಕ ಇಡುತ್ತದೆ. ಅದಕ್ಕಿಂತ ಕೆಳಗಿಳಿದರೆ ಲೆಕ್ಕ ತಪ್ಪುತ್ತದೆ.

ಅದೇ 1956ರಲ್ಲಿ ಲಂಡನ್ನಿನಿಂದ ಇನ್ನೊಂದು ಸ್ವಾರಸ್ಯದ ವರದಿ ಬಂತು. ಅಲ್ಲಿನ ಬಸ್ಸಿನವರಿಗೆ ಕೊಡುವ ಸಮವಸ್ತ್ರದ ದಾಖಲೆಯನ್ನು ಡಾಕ್ಟರ್ ಮಾರಿಸ್ ಮೊದಲಾದವರು ಪರೀಕ್ಷಿಸಿದರು. ಕುಳಿತು ಬಸ್ಸು ಓಡಿಸುವವರ ಪ್ಯಾಂಟಿನ ಸೊಂಟ, ದಿನವಿಡೀ ಎರಡು ಅಂತಸ್ತಿನ ಬಸ್ಸಿನ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರರ ಸೊಂಟಕ್ಕಿಂತ ದೊಡ್ಡದಾಗಿತ್ತು. ಕುಳಿತು ಸೊಂಟ ಬೆಳೆಯಿತೋ, ಸೊಂಟ ಬೆಳೆದವರೇ ಕುಳಿತುಕೊಳ್ಳುವ ಕೆಲಸವನ್ನು ಆರಿಸಿಕೊಂಡರೋ ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ಏನೇ ಇರಲಿ, ದರ್ಜಿಯ ಪುಸ್ತಕವೂ ವೈದ್ಯಶಾಸ್ತ್ರಕ್ಕೆ ಬಂದೀತೆಂದು ಯಾರು ತಿಳಿದಿದ್ದರು!

ಆದರೆ ಕೆಲಸ ಇಳಿದದ್ದು ಅರ್ಧ ಕಥೆ. ಉಳಿದರ್ಧ ತಟ್ಟೆಯದು. ಊರು ಬಿಟ್ಟು ಬರುವಾಗ ನಾವು ಊಟವನ್ನು ಜತೆಗೆ ತಂದೆವೆಂದು ಹೇಳುತ್ತೇವೆ. ತಂದದ್ದು ಊಟದಲ್ಲಿನ ಧಾನ್ಯವನ್ನು ಮಾತ್ರ. ಆರು ಮಂದಿ ಸೇರಿ ಇರುವ ಖೋಲಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವನು ಸೊಪ್ಪು ಸೋಸುತ್ತ ಕೂರಲಾರ. ಕಾಳು ನೆನೆಹಾಕಲು ಹಿಂದಿನ ದಿನವೇ ನೆನಪಿರಬೇಕು. ರೊಟ್ಟಿ ಬಡಿಯಲು ಕೈ ಪಳಗಿರಬೇಕು. ಅನ್ನಕ್ಕೆ ಇದಾವುದೂ ಬೇಡ. ಕುಕ್ಕರಿನ ಮೂರು ಸೀಟಿ ಸಾಕು. ಹೀಗಾಗಿ ಜೋಳದವನೂ ರಾಗಿಯವನೂ ಇಲ್ಲಿ ಅನ್ನದವರಾದರು. ಹೊತ್ತಿಗೆ ತಲಾ ಒಂದು ಪಾವು ಅಕ್ಕಿ, ನೀರಾದ ಸಾರು, ಹಪ್ಪಳ, ಉಪ್ಪಿನಕಾಯಿ, ಪಲ್ಯವಿದ್ದರೆ ಬಟಾಟೆಯದು. ಖಾನಾವಳಿಯ ರೈಸ್ ಪ್ಲೇಟೂ ಇದೇ ಜಾತಿ. ಗುಡ್ಡದಷ್ಟು ಅನ್ನ, ಬಟ್ಟಲಿನ ತಳದಲ್ಲಿ ಬೇಳೆ. ಬದಲಾದದ್ದು ಪರವೂರಿನಲ್ಲಿ ಮಾತ್ರವಲ್ಲ. ಊರಿನಲ್ಲಿಯೂ ಹಸಿರು ಕ್ರಾಂತಿಯ ನಂತರ ಪಡಿತರದ ಅಕ್ಕಿ ಗೋದಿ ಅಗ್ಗವಾದವು, ಸಿರಿಧಾನ್ಯದ ಹೊಲಗಳು ಕುಗ್ಗಿದವು. ಹಸಿದ ಮನೆಗೆ ಆ ಅಕ್ಕಿ ಅನ್ನ ಕೊಟ್ಟಿತೆಂಬುದನ್ನು ಮರೆಯಬಾರದು. ಅದು ಬೇಳೆಯ ಜಾಗವನ್ನು ತುಂಬಲಾರದು, ಅಷ್ಟೆ.

ಇದರ ಮೇಲೆ ಪಟ್ಟಣದ ಕೊಡುಗೆ ಬೇರೆ. ಮುಂಬಯಿಯ ವಡಾಪಾವನ್ನು ನಾವು ದ್ವೇಷಿಸುವವರಲ್ಲ. ಲೋಕಲ್ ಗಾಡಿ ಹಿಡಿಯುವ ಗಡಿಬಿಡಿಯಲ್ಲಿ ಅದು ಎಷ್ಟೋ ಜನರ ಪ್ರಾಣ ಉಳಿಸಿದೆ. ಆದರೆ ಅದನ್ನು ಬಿಚ್ಚಿ ನೋಡಿ: ಮೈದಾದ ಪಾವು, ಒಳಗೆ ಬಟಾಟೆ, ಸುತ್ತ ಕಡಲೆಹಿಟ್ಟಿನ ತೆಳು ಪದರ, ಎಲ್ಲಕ್ಕೂ ಎಣ್ಣೆ. ಮೇಲೆ ಚಹಾ. ಗಿರಣಿಯಲ್ಲಿ, ಕಚೇರಿಯಲ್ಲಿ ದಿನಕ್ಕೆ ಐದು ಚಹಾ ಸಾಮಾನ್ಯ. ಒಂದಕ್ಕೆ ಹತ್ತು ಗ್ರಾಂ ಸಕ್ಕರೆ ಎಂದರೆ ಐವತ್ತು ಗ್ರಾಂ, ಇನ್ನೂರು ಕ್ಯಾಲರಿ. ಒಂದು ರೊಟ್ಟಿಯನ್ನು ಕರಗಿಸಿ ಕುಡಿದಂತೆ. ಹೊಟ್ಟೆ ಮಾತ್ರ ತುಂಬುವುದಿಲ್ಲ. ದಿನಕ್ಕೆ ಒಟ್ಟು 25 ಗ್ರಾಮಿನ ಒಳಗಿರಬೇಕೆಂಬುದು ಪೌಷ್ಟಿಕತಾ ಸಂಸ್ಥೆಯ ಸಲಹೆ. ಹಿಂದೆ ಹಬ್ಬಕ್ಕೆ ಬರುತ್ತಿದ್ದ ಬೋಂಡಾ, ಬಜ್ಜಿ, ಸಿಹಿ ಈಗ ಪ್ರತಿ ಸಂಜೆಯ ಸ್ಟೇಷನ್ ಮೆಟ್ಟಿಲ ಬಳಿ ಬಂದು ನಿಂತಿವೆ. ಅಗ್ಗದ ತಾಳೆಯೆಣ್ಣೆ ಬಂದ ಮೇಲೆ ಪ್ರತಿದಿನವೂ ಹಬ್ಬ. ರಾತ್ರಿ ಪಾಳಿಯವರಲ್ಲಿ ಹೊಟ್ಟೆಯ ಬೊಜ್ಜು ಹೆಚ್ಚೆಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಮದ್ಯದ ವಿಷಯ ಹೇಳಿದರೆ ಕೆಲವರು ಈ ಪುಟ ತಿರುವಿಬಿಡುತ್ತಾರೆ. ಅದರಲ್ಲಿಯೂ ಕ್ಯಾಲರಿಯಿದೆ, ಅದರ ಜತೆಗಿನ ಕರಿದ ತಿಂಡಿಯಲ್ಲಿ ಇನ್ನೂ ಇದೆ ಎಂದಷ್ಟು ಹೇಳಿ ಮುಂದೆ ಹೋಗುತ್ತೇವೆ.

ಈಚೆಗೆ ಇನ್ನೊಂದು ಗಾಳಿ ಬೀಸುತ್ತಿದೆ. ರಾಗಿ, ಜೋಳ, ನವಣೆ ತಿಂದರೆ ಬೊಜ್ಜು ಕರಗುತ್ತದೆ ಎಂದು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಪೇಟೆಯಲ್ಲಿ ಇವಕ್ಕೆ ಬೆಲೆಯೂ ಏರಿದೆ. ಕನಕದಾಸರು ರಾಮಧಾನ್ಯಚರಿತ್ರೆಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹಚ್ಚಿ ರಾಮನ ಕೈಯಿಂದ ರಾಗಿಗೆ ಗೆಲುವು ಕೊಡಿಸಿದ್ದು ಕನ್ನಡಿಗರಿಗೆಲ್ಲ ಗೊತ್ತು. ನಾವೂ ಆ ಪಕ್ಷದವರೇ. ಆದರೆ ಹೊಟ್ಟೆಯ ಮೊಕದ್ದಮೆಯಲ್ಲಿ ರಾಗಿಗೆ ಪೂರ್ಣ ಡಿಕ್ರಿ ಸಿಗುವುದಿಲ್ಲ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 356 ಕ್ಯಾಲರಿ, ಜೋಳದಲ್ಲಿ 334, ರಾಗಿಯಲ್ಲಿ 321. ಅಂತರ ಅಲ್ಪವೇ. ರಾಗಿಯ ಹೆಚ್ಚಳವಿರುವುದು ಬೇರೆ ಕಡೆ: ನಾರಿನಂಶ ರಾಗಿಯಲ್ಲಿ ಸುಮಾರು 11 ಗ್ರಾಂ, ಜೋಳದಲ್ಲಿ 10, ಬಿಳಿಯ ಅಕ್ಕಿಯಲ್ಲಿ ಮೂರಕ್ಕೂ ಕಡಿಮೆ. ಸುಣ್ಣದಂಶ ರಾಗಿಯಲ್ಲಿ 350 ಮಿಲಿಗ್ರಾಮಿಗೂ ಮೇಲೆ. ಅಕ್ಕಿಯಲ್ಲಿ ಹತ್ತೂ ಇಲ್ಲ. ನಾರಿನಿಂದ ಹೊಟ್ಟೆ ಬೇಗ ತುಂಬುತ್ತದೆ, ಹಸಿವು ತಡವಾಗಿ ಬರುತ್ತದೆ. ಇದು ಲಾಭವೇ. ಹಾಗೆಂದು ಅನ್ನದ ಜಾಗದಲ್ಲಿ ಅಷ್ಟೇ ದಪ್ಪದ ಮೂರು ಮುದ್ದೆ ಇಟ್ಟರೆ ಏನೂ ಆಗದು.

2025ರ ಸೆಪ್ಟೆಂಬರಿನಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದ ಅಧ್ಯಯನವೂ ಇದನ್ನೇ ಹೇಳುತ್ತದೆ. ಇದು ನಾವು ಮೇಲೆ ಹೇಳಿದ ದೊಡ್ಡ ಸಮೀಕ್ಷೆಯ ಮುಂದುವರಿಕೆ. ಭಾರತೀಯರ ಕ್ಯಾಲರಿಯಲ್ಲಿ ನೂರಕ್ಕೆ 62 ಪಾಲು ಪಿಷ್ಟ ಮತ್ತು ಸಕ್ಕರೆಯಿಂದಲೇ ಬರುತ್ತದೆ. ಪ್ರೋಟೀನಿನಿಂದ ಬರುವುದು ಸುಮಾರು 12. ಸಿರಿಧಾನ್ಯವನ್ನು ಮುಖ್ಯ ಆಹಾರವಾಗಿ ಉಳಿಸಿಕೊಂಡ ರಾಜ್ಯಗಳು ಮೂರೇ: ಕರ್ನಾಟಕ, ಮಹಾರಾಷ್ಟ್ರ, ಗುಜರಾತ. ಇದು ನಮಗೆ ಹೆಮ್ಮೆಯ ವಿಷಯ. ಆದರೆ ಬಿಳಿ ಅಕ್ಕಿಯ ಬದಲು ಗೋದಿಯನ್ನೋ ಸಿರಿಧಾನ್ಯವನ್ನೋ ತಿಂದ ಮಾತ್ರಕ್ಕೆ ಸಕ್ಕರೆ ಕಾಯಿಲೆಯ ಅಪಾಯ ಇಳಿಯಲಿಲ್ಲ. ಒಟ್ಟು ಪಿಷ್ಟವನ್ನೇ ತುಸು ಇಳಿಸಿ, ಕ್ಯಾಲರಿಯಲ್ಲಿ ನೂರಕ್ಕೆ ಐದರಷ್ಟು ಪಾಲನ್ನು ಬೇಳೆಕಾಳಿನ ಅಥವಾ ಹಾಲು ಮೊಸರಿನ ಪ್ರೋಟೀನಿಗೆ ಬಿಟ್ಟುಕೊಟ್ಟ ಲೆಕ್ಕದಲ್ಲಿ ಅಪಾಯ ಇಳಿಯಿತು. ಅಂದರೆ ರೊಟ್ಟಿ ಅನ್ನಗಳ ಜಗಳವೇ ಅಪ್ರಸ್ತುತ. ನೋಡಬೇಕಾದದ್ದು ಅವುಗಳ ಪಕ್ಕದಲ್ಲಿ ಏನಿದೆ ಎಂಬುದನ್ನು.

ಹೆಂಗಸರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಕುಟುಂಬ ಸಮೀಕ್ಷೆಯಲ್ಲಿ ದೇಶದ ಹೆಂಗಸರಲ್ಲಿ ನೂರಕ್ಕೆ ನಲವತ್ತು ಮಂದಿ ಗಡಿ ದಾಟಿದ್ದಾರೆ. ಊರಿನಲ್ಲಿ ಬಾಣಂತಿಗೆ ತುಪ್ಪ, ಕೊಬ್ಬರಿ, ಅಂಟಿನ ಉಂಡೆ ತಿನ್ನಿಸುತ್ತಿದ್ದರು. ಎದೆಹಾಲಿಗೂ ಮುಂದಿನ ದುಡಿಮೆಗೂ ಅದು ಬೇಕಾಗಿತ್ತು. ತಿಂಗಳುಗಳಲ್ಲಿ ಆಕೆ ಮತ್ತೆ ಹೊಲಕ್ಕೆ ಇಳಿಯುತ್ತಿದ್ದಳು. ಇಲ್ಲಿ ಚಾಳಿನ ಒಂದು ಕೋಣೆಯಲ್ಲಿ ಅದೇ ಉಂಡೆ ಇದೆ, ಹೊಲವಿಲ್ಲ. ಹೊರಗೆ ಒಬ್ಬಳೇ ಹೋಗಿ ನಡೆದಾಡಲು ಸಂಕೋಚ; ಕೆಲವು ಮನೆಗಳಲ್ಲಿ ಅಡ್ಡಿಯೂ ಇದೆ. ಎಲ್ಲರೂ ಉಂಡ ಮೇಲೆ ಉಳಿದ ಅನ್ನವನ್ನು ಚೆಲ್ಲಬಾರದೆಂದು ತಾನೇ ಉಣ್ಣುವ ಪದ್ಧತಿ ಬೇರೆ. ಬೇಳೆ ಮುಗಿದಿರುತ್ತದೆ, ಅನ್ನ ಉಳಿದಿರುತ್ತದೆ. ಅಕ್ಕತಂಗಿಯರಿಗೆ ಉಪದೇಶ ಮಾಡುವ ಮೊದಲು ಮನೆಯ ಗಂಡಸರು ಬೇಳೆಯ ಪಾತ್ರೆಯನ್ನು ಅರ್ಧಕ್ಕೆ ಬಿಟ್ಟು ಏಳುವುದನ್ನು ಕಲಿಯಬೇಕು ಎಂಬುದು ನಮ್ಮ ಅಭಿಪ್ರಾಯ. ಸಂಜೆ ನಾಲ್ವರು ಸೇರಿ ನಡೆದರೆ ಸಂಕೋಚವಿರುವುದಿಲ್ಲ; ನಮ್ಮ ಸಂಘದ ಮಹಿಳಾ ವಿಭಾಗದವರು ಇದನ್ನು ಯೋಚಿಸಲಿ.

ಮಾಡಬೇಕಾದದ್ದೇನು? ಪೌಷ್ಟಿಕತಾ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗದರ್ಶಿಯಲ್ಲಿ 2,000 ಕ್ಯಾಲರಿಯ ಒಂದು ದಿನದ ತಟ್ಟೆಯನ್ನು ಕೊಟ್ಟಿದ್ದಾರೆ. ಎಲ್ಲ ಧಾನ್ಯ ಸೇರಿ 250 ಗ್ರಾಂ. ಬೇಳೆಕಾಳು 85 ಗ್ರಾಂ. ತರಕಾರಿ ಸೊಪ್ಪು 400 ಗ್ರಾಂ. ಹಣ್ಣು 100 ಗ್ರಾಂ. ಹಾಲು ಅಥವಾ ಮೊಸರು 300 ಮಿಲಿಲೀಟರ್. ಶೇಂಗಾ ಮುಂತಾದ ಬೀಜ 35 ಗ್ರಾಂ. ಎಣ್ಣೆ 27 ಗ್ರಾಂ. ಬೇಯಿಸುವ ಮೊದಲಿನ ತೂಕ ಇದು. ನಮ್ಮ ಖೋಲಿಗಳಲ್ಲಿ ಹೊತ್ತಿಗೆ ಒಂದು ಪಾವು ಅಕ್ಕಿ ಎಂದೆವಲ್ಲ, ಇಡೀ ದಿನದ ಧಾನ್ಯ ಬಹುತೇಕ ಆ ಒಂದೇ ಹೊತ್ತಿಗೆ ಮುಗಿಯುತ್ತದೆ. ಎಣ್ಣೆಯ ಲೆಕ್ಕ ಇನ್ನೂ ಸುಲಭ: ಆರು ಮಂದಿಯ ಖೋಲಿಗೆ ತಿಂಗಳಿಗೆ ಐದು ಲೀಟರಿನ ಒಂದು ಡಬ್ಬ. ಹೊರಗೆ ತಿಂದ ಬಜ್ಜಿಯ ಎಣ್ಣೆಯೂ ಇದರಲ್ಲೇ ಸೇರಿತು ಎಂದು ತಿಳಿಯಬೇಕು.

ಹಾಲು, ಹಣ್ಣು, ನಾನೂರು ಗ್ರಾಂ ತರಕಾರಿ ನಮ್ಮ ಸಂಬಳಕ್ಕೆ ಎಟಕುವುದೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಎಲ್ಲವೂ ಎಲ್ಲರಿಗೂ ಎಟಕುವುದಿಲ್ಲ. ಆದರೆ ಹುರುಳಿ, ಮಡಕಿ, ಕಡಲೆ, ಶೇಂಗಾ ನಮ್ಮವೇ, ಬಾದಾಮಿಯ ಹಂಗಿಲ್ಲ. ರಾತ್ರಿ ಮಲಗುವಾಗ ಒಂದು ಹಿಡಿ ಕಾಳು ನೆನೆಹಾಕುವ ಕೆಲಸವನ್ನು ಖೋಲಿಯಲ್ಲಿ ಸರದಿಯ ಮೇಲೆ ಹಂಚಿಕೊಂಡರೆ ನಡೆಯುತ್ತದೆ. ದಿನಕ್ಕೆ ಎರಡು ವಡಾಪಾವು ಬಿಟ್ಟ ಹಣದಲ್ಲಿ ಸೊಪ್ಪಿನ ಕಟ್ಟು ಬರುತ್ತದೆ. ಚಹಾವನ್ನು ಐದರಿಂದ ಎರಡಕ್ಕೆ ಇಳಿಸಲಾಗದವರು ಸಕ್ಕರೆಯನ್ನು ಅರ್ಧ ಚಮಚಕ್ಕೆ ಇಳಿಸಲಿ; ಎರಡು ವಾರದಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ.

ಹೊಟ್ಟೆ ಕರಗಿಸುವ ಬೆಲ್ಟು, ಪುಡಿ, ಎಣ್ಣೆಗಳ ಜಾಹೀರಾತಿಗೆ ಹಣ ಕಳೆಯಬೇಡಿ. ಹೊಟ್ಟೆಯನ್ನೇ ಎಷ್ಟು ಮಡಚಿ ಬಾಗಿಸಿದರೂ ಅಲ್ಲಿನ ಕೊಬ್ಬು ಮಾತ್ರ ಆರಿಸಿ ಕರಗುವುದಿಲ್ಲ. ಒಟ್ಟು ದೇಹದ ಲೆಕ್ಕ ಇಳಿದಾಗ ಅದೂ ಇಳಿಯುತ್ತದೆ. ಬಿರುಸಾಗಿ ನಡೆಯುವುದು ವಾರಕ್ಕೆ 150 ನಿಮಿಷ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಕನಿಷ್ಠ ಲೆಕ್ಕ. ಸ್ಟೇಷನ್ನಿನಿಂದ ಖೋಲಿಗೆ ಶೇರ್ ರಿಕ್ಷಾ ಹಿಡಿಯದೆ ನಡೆದರೆ ಬಹುಮಂದಿಗೆ ಇದು ದಾರಿಯಲ್ಲೇ ಮುಗಿಯುತ್ತದೆ, ರಿಕ್ಷಾದ ಹಣವೂ ಉಳಿಯುತ್ತದೆ. ಇಷ್ಟು ಕ್ಯಾಲರಿ ಇಳಿಸಿದರೆ ಇಷ್ಟು ಕಿಲೋ ಎಂದು ನಾವು ಇಲ್ಲಿ ಭಾಗಾಕಾರ ಮಾಡಿ ಕೊಡುತ್ತಿಲ್ಲ. ತೂಕ ಇಳಿಯುತ್ತ ಬಂದಂತೆ ದೇಹವೂ ಖರ್ಚು ಕಡಿಮೆ ಮಾಡುತ್ತದೆ, ಕಾಗದದ ಲೆಕ್ಕದಂತೆ ನಡೆಯುವುದಿಲ್ಲ. ತಿಂಗಳಿಗೊಮ್ಮೆ ಸೊಂಟ ಅಳೆದರೆ ಸಾಕು. ಸೊಂಟ ಗಡಿ ದಾಟಿದವರು, ಅದರಲ್ಲಿಯೂ ಮನೆಯಲ್ಲಿ ತಂದೆ ತಾಯಿಗೆ ಸಕ್ಕರೆ ಕಾಯಿಲೆ ಇದ್ದವರು, ಒಮ್ಮೆ ಸರಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಖಾನಾವಳಿಯಲ್ಲಿ ಉಣ್ಣುವವರಿಗಾಗಿ ನಾವು ವಾಚನಾಲಯದ ಹತ್ತಿರದ ಖಾನಾವಳಿ ನಡೆಸುವ ಅಕ್ಕನವರ ಬಳಿ ಮಾತಾಡಿದ್ದೇವೆ. ಎರಡನೆಯ ಸಲದ ಅನ್ನ ಬೇಡವೆಂದವರಿಗೆ ಅದರ ಬದಲು ಒಂದು ಬಟ್ಟಲು ಮಡಕಿ ಅಥವಾ ಹೆಸರುಕಾಳಿನ ಉಸಳಿಯನ್ನು ಅದೇ ದರದಲ್ಲಿ ಕೊಡಲು ಅವರು ಒಪ್ಪಿದ್ದಾರೆ. ಹಪ್ಪಳ ಬೇಡವೆಂದರೆ ಹೆಚ್ಚಿದ ಸೌತೆಕಾಯಿ. ತಟ್ಟೆ ಬಡಿಸುವ ಮೊದಲೇ ಹೇಳಬೇಕು. ಬಡಿಸಿದ ಮೇಲೆ ಬದಲಾಯಿಸುವುದಿಲ್ಲ. ಮಂಗಳವಾರ ಮತ್ತು ಶುಕ್ರವಾರ ಜೋಳದ ರೊಟ್ಟಿ ಇರುತ್ತದೆ, ಹಿಂದಿನ ದಿನ ಸಂಜೆಯೊಳಗೆ ಹೆಸರು ಬರೆಸಿದವರಿಗೆ.